ಓದುಗರೊಂದಿಗೆ: ಹಳೆಯ ಕಥೆಗಾರರಿಂದ ಕಲಿಯುವುದು ಏನನ್ನು?

ಕಳೆದ ಕೆಲವು ತಿಂಗಳುಗಳಲ್ಲಿ ಬಂದ ಪತ್ರಗಳ ಪೈಕಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಕಥೆ, ಕಾದಂಬರಿ ಬರೆಯಲು ಹೊರಟವರು ಹಿಂದಿನ ದೊಡ್ಡ ಲೇಖಕರನ್ನು ಹೇಗೆ ಓದಬೇಕು, ಓದಿದ್ದರಿಂದ ಏನನ್ನು ಪಡೆಯಬೇಕು ಎಂಬುದೇ ಆ ವಿಷಯ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಐದಾರು ವರ್ಷಗಳಿಂದ ಶ್ರೇಷ್ಠ ಕಥೆಗಾರರನ್ನು ಶ್ರದ್ಧೆಯಿಂದ ಓದುತ್ತಿದ್ದೇನೆ. ಓದುವಾಗ ಎಲ್ಲವೂ ಮನಸ್ಸಿಗೆ ನಾಟುತ್ತದೆ. ಆದರೆ ಬರೆಯಲು ಕುಳಿತರೆ ಓದಿದ್ದು ಯಾವುದೂ ಕೈಗೆ ಬರುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನೀವು ಓದುಗರಾಗಿ ಓದುತ್ತಿದ್ದೀರಿ. ಅದರಲ್ಲಿ ತಪ್ಪೇನೂ ಇಲ್ಲ. ಯಾವ ಕಥೆಯದೇ ಆಗಲಿ, ಮೊದಲ ಓದು ಹಾಗೆಯೇ ಇರಬೇಕು. ಆದರೆ ಬಟ್ಟೆಯ ಅಂದವನ್ನು ಮೆಚ್ಚಲು ಅದರ ಮುಂಭಾಗ ಸಾಕು, ನೇಯ್ದ ಬಗೆ ತಿಳಿಯಬೇಕಾದರೆ ತಿರುವಿ ಹಿಂಬದಿಯ ಎಳೆಗಳನ್ನು ನೋಡಬೇಕು. ನಮ್ಮ ಶಾಲಾ ಶಿಕ್ಷಣವು ಕಥೆಯನ್ನು ಕಂಡ ಕೂಡಲೇ ಸಾರಾಂಶವೇನು, ಆಶಯವೇನು ಎಂದು ಕೇಳುವುದನ್ನು ಕಲಿಸಿದೆ. ಬರೆಯುವವರಿಗೆ ಈ ಎರಡು ಪ್ರಶ್ನೆಗಳಿಂದ ಆಗುವ ಉಪಯೋಗ ತೀರ ಕಡಿಮೆ. ನೀವು ಕೇಳಬೇಕಾದದ್ದು ಬೇರೆ: ಈ ಜಾಗದಲ್ಲಿ ಲೇಖಕನ ಮುಂದೆ ಇನ್ನೂ ಯಾವ ದಾರಿಗಳಿದ್ದವು, ಅವನ್ನೆಲ್ಲ ಬಿಟ್ಟು ಇದನ್ನೇ ಏಕೆ ಹಿಡಿದ?

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ರಷ್ಯನ್ ಕಥೆಗಾರ ಚೆಕಾವ್ 1886ರಲ್ಲಿ ಪ್ರಕಟಿಸಿದ ‘ತೊಸ್ಕಾ’ ಎಂಬ ಕಥೆಯನ್ನು ನೀವು ಯಾವುದಾದರೂ ಅನುವಾದದಲ್ಲಿ ಓದಿರಬಹುದು. ಆ ರಷ್ಯನ್ ಪದವನ್ನು ಅಳಲು, ಕೊರಗು ಎಂದು ಅರ್ಥ ಮಾಡಿಕೊಳ್ಳಬಹುದು. ಮಗನನ್ನು ಅದೇ ವಾರ ಕಳೆದುಕೊಂಡ ಗಾಡಿಯವನು ಅಯೋನ ತನ್ನ ದುಃಖವನ್ನು ಯಾರಿಗಾದರೂ ಹೇಳಿಕೊಳ್ಳಲು ಇಡೀ ಸಂಜೆ ಪ್ರಯತ್ನಿಸುತ್ತಾನೆ, ಯಾರೂ ಕೇಳುವುದಿಲ್ಲ, ಕೊನೆಗೆ ತನ್ನ ಕುದುರೆಗೆ ಹೇಳುತ್ತಾನೆ. ಸಾರಾಂಶ ಇಷ್ಟೇ. ‘ಮನುಷ್ಯರ ನಿರ್ದಯತೆ’ ಎಂದು ಆಶಯವನ್ನು ಬರೆದು ಪುಸ್ತಕ ಮುಚ್ಚಿದರೆ ಕಥೆಗಾರರಾಗಿ ನಿಮಗೆ ದಕ್ಕಿದ್ದು ಸೊನ್ನೆ.

ಈಗ ಹಿಂಬದಿಗೆ ಬನ್ನಿ. ಅಯೋನನ ಮಾತನ್ನು ಕೇಳದವರು ನಾಲ್ಕು ಕಡೆ ಬರುತ್ತಾರೆ. ಮೊದಲನೆಯವನು ಒಬ್ಬ ಸೇನಾಧಿಕಾರಿ. ಮಗ ಏತರಿಂದ ಸತ್ತ ಎಂದು ಅವನು ಕೇಳುತ್ತಾನೆ, ಆದರೆ ಉತ್ತರ ಪೂರ್ತಿಯಾಗುವ ಹೊತ್ತಿಗೆ ಅವನ ಗಮನ ಬೇರೆಡೆಗೆ ಹೋಗಿ ಕಣ್ಣು ಮುಚ್ಚಿಕೊಳ್ಳುತ್ತಾನೆ. ಅನಂತರ ಬರುವ ಮೂವರು ಯುವಕರಲ್ಲಿ ಒಬ್ಬ, ಎಲ್ಲರೂ ಸಾಯುವವರೇ ಎಂಬ ಅರ್ಥದ ಸವಕಲು ಮಾತೊಂದನ್ನು ಎಸೆಯುತ್ತಾನೆ. ಆಮೇಲೆ ಸಿಗುವ ಕಾವಲುಗಾರ ಗಾಡಿಯನ್ನು ಮುಂದೆ ಹೊಡೆ ಎನ್ನುತ್ತಾನೆ. ಕೊನೆಗೆ ತಂಗುವ ಜಾಗದಲ್ಲಿ ನೀರು ಕುಡಿಯಲು ಎದ್ದ ಇನ್ನೊಬ್ಬ ಗಾಡಿಯವನಿಗೆ ಹೇಳಲು ಹೋದರೆ, ಅವನು ಮುಸುಕೆಳೆದು ಆಗಲೇ ನಿದ್ದೆ ಹೋಗಿದ್ದಾನೆ. ಒಂದು ಪ್ರಶ್ನೆ, ಒಂದು ಸವಕಲು ಮಾತು, ಒಂದು ಆಜ್ಞೆ, ಒಂದು ನಿದ್ದೆ: ಕಿವಿಗಳು ಒಂದೊಂದೇ ಮೆಟ್ಟಿಲು ಇಳಿಯುತ್ತ ಮುಚ್ಚಿಕೊಳ್ಳುತ್ತವೆ. ಈ ನಾಲ್ವರ ಅನುಕ್ರಮವನ್ನು ಬದಲಿಸಿ ನೋಡಿ. ನಿದ್ದೆಯವನನ್ನು ಮೊದಲಿಗೂ ಅಧಿಕಾರಿಯನ್ನು ಕೊನೆಗೂ ತಂದರೆ, ಅಧಿಕಾರಿಯ ಆ ಒಂದು ಪ್ರಶ್ನೆಯೇ ಸಮಾಧಾನವಾಗಿಬಿಡುತ್ತದೆ ಮತ್ತು ಕುದುರೆಯ ಬಳಿಗೆ ಹೋಗುವ ಅಗತ್ಯವೇ ಉಳಿಯುವುದಿಲ್ಲ. ಇನ್ನೂ ಒಂದು ವಿಚಾರವಿದೆ. ಅಯೋನ ಕುದುರೆಗೆ ಹೇಳಿದ ಮಾತುಗಳಲ್ಲಿ ನಮಗೆ ಕೇಳಿಸುವುದು ಕೆಲವೇ ಸಾಲುಗಳು. ಉಳಿದದ್ದನ್ನೆಲ್ಲ ಅವನು ಹೇಳಿಕೊಂಡ ಎಂಬಷ್ಟನ್ನು ತಿಳಿಸಿ ಲೇಖಕ ನಿಲ್ಲಿಸುತ್ತಾನೆ. ಇಡೀ ಕಥೆ ಯಾವ ಮಾತಿಗಾಗಿ ಕಾದಿತ್ತೋ ಆ ಮಾತನ್ನೇ ಅವನು ಬರೆಯುವುದಿಲ್ಲ. ನೀವೋ ನಾನೋ ಬರೆದಿದ್ದರೆ ಅಲ್ಲಿ ಎರಡು ಪುಟಗಳ ವಿಲಾಪವಿರುತ್ತಿತ್ತು, ಮತ್ತು ಅದನ್ನೇ ಕಥೆಯ ಶಿಖರವೆಂದು ನಂಬಿ ನಾವು ಹೆಮ್ಮೆಪಡುತ್ತಿದ್ದೆವು.

ಇಂಥ ಓದಿಗೆ ವರ್ಷಕ್ಕೆ ಐವತ್ತು ಪುಸ್ತಕಗಳು ಬೇಡ; ನಾಲ್ಕೈದು ಕಥೆಗಳು ಸಾಕು. ಒಂದು ಕಥೆಯನ್ನು ಎತ್ತಿಕೊಂಡು ಪ್ರತಿ ಪ್ಯಾರಾದ ಪಕ್ಕದಲ್ಲಿ, ಇದನ್ನು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ, ಎಷ್ಟು ಹೊತ್ತು ಕಳೆಯಿತು, ನಮಗೆ ಹೊಸದಾಗಿ ತಿಳಿದದ್ದೇನು, ತಿಳಿಸಬಹುದಾಗಿದ್ದರೂ ಲೇಖಕ ತಡೆಹಿಡಿದದ್ದೇನು ಎಂಬುದನ್ನು ಪೆನ್ಸಿಲಿನಲ್ಲಿ ಬರೆಯುತ್ತ ಹೋಗಿ. ಕೆಲಸ ಬೇಸರದ್ದು, ಒಪ್ಪುತ್ತೇನೆ. ಮೂರನೆಯ ಕಥೆಯ ಹೊತ್ತಿಗೆ ಆ ಬೇಸರ ಹೋಗಿ ಒಂದು ಬಗೆಯ ಪತ್ತೇದಾರಿಯ ಖುಷಿ ಹುಟ್ಟುತ್ತದೆ.

ಪ್ರಶ್ನೆ: ‘ಕವಿರಾಜಮಾರ್ಗ’ವೇ ಕನ್ನಡಿಗರನ್ನು ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಎಂದು ಕೊಂಡಾಡಿದೆ. ಉದ್ದೇಶಪೂರ್ವಕವಾಗಿ ಓದದೆಯೂ ಬರುವ ಶಕ್ತಿಯನ್ನು ಅಧ್ಯಯನದ ಹೆಸರಿನಲ್ಲಿ ಏಕೆ ಕೆಡಿಸಿಕೊಳ್ಳಬೇಕು?

ಉತ್ತರ: ತಮಾಷೆಗೆ ಕೇಳಿದ್ದೀರೆಂದು ತಿಳಿಯುತ್ತೇನೆ, ಆದರೂ ಪ್ರಶ್ನೆಯಲ್ಲಿ ಹುರುಳಿದೆ. ಆ ಮಾತನ್ನು ಹೇಳಿದ ಗ್ರಂಥ ಯಾವುದೆಂಬುದನ್ನು ಮಾತ್ರ ಮರೆಯಬೇಡಿ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕಾವ್ಯದ ದೋಷಗಳನ್ನು, ಗುಣಗಳನ್ನು, ಅಲಂಕಾರಗಳನ್ನು ಒಂದೊಂದಾಗಿ ವಿವರಿಸುವ ಲಕ್ಷಣಗ್ರಂಥ. ಓದದೆಯೇ ಎಲ್ಲವೂ ಬರುತ್ತದೆಂದು ಅದರ ಕರ್ತೃ ನಿಜವಾಗಿ ನಂಬಿದ್ದರೆ ಇಂಥ ಗ್ರಂಥವನ್ನು ಬರೆಯುವ ಶ್ರಮವನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಅಷ್ಟೇ ಅಲ್ಲ, ಆ ಗ್ರಂಥವು ಬಹುಮಟ್ಟಿಗೆ ಸಂಸ್ಕೃತದ ಆಲಂಕಾರಿಕ ದಂಡಿಯ ‘ಕಾವ್ಯಾದರ್ಶ’ವನ್ನು ಮುಂದಿಟ್ಟುಕೊಂಡು ಬೆಳೆದದ್ದು, ಅಂದರೆ ಹಿಂದಿನವರೊಬ್ಬರನ್ನು ಆಳವಾಗಿ ಓದಿ, ತನ್ನ ಭಾಷೆಗೆ ಬೇಕಾದಂತೆ ತಿದ್ದಿಕೊಂಡದ್ದಕ್ಕೆ ಅದೇ ಒಳ್ಳೆಯ ನಿದರ್ಶನ.

ದಂಡಿ ಕವಿತ್ವಕ್ಕೆ ಮೂರು ಕಾರಣಗಳನ್ನು ಹೇಳುತ್ತಾನೆ: ಹುಟ್ಟಿನಿಂದ ಬಂದ ಪ್ರತಿಭೆ, ವಿಪುಲವಾದ ಶುದ್ಧ ಓದು, ಬಿಡದ ಅಭ್ಯಾಸ. ಮುಂದುವರಿದು ಅವನು ಹೇಳುವ ಮಾತು ನನಗೆ ಇನ್ನೂ ಪ್ರಿಯ. ಅದ್ಭುತವಾದ ಪ್ರತಿಭೆ ಇಲ್ಲದಿದ್ದರೂ ಓದಿನಿಂದಲೂ ಪ್ರಯತ್ನದಿಂದಲೂ ಸೇವಿಸಿದವರಿಗೆ ವಾಗ್ದೇವಿ ಏನಾದರೊಂದು ಅನುಗ್ರಹವನ್ನು ಖಂಡಿತ ಮಾಡುತ್ತಾಳೆ ಎನ್ನುತ್ತಾನೆ. ‘ಏನಾದರೊಂದು’ ಎಂಬಲ್ಲಿರುವ ಎಚ್ಚರವನ್ನು ಗಮನಿಸಿ. ಅವನು ಮಹಾಕವಿಯ ಪಟ್ಟವನ್ನು ಯಾರಿಗೂ ಭರವಸೆ ಕೊಡುತ್ತಿಲ್ಲ.

ಪ್ರಶ್ನೆ: ದೊಡ್ಡ ಲೇಖಕರನ್ನು ಹೆಚ್ಚು ಓದಿದರೆ ಅವರ ಹಾಗೆಯೇ ಬರೆಯತೊಡಗುತ್ತೇನೆಂಬ ಹೆದರಿಕೆ ಇದೆ. ಅನುಕರಣೆಯಿಂದ ನನ್ನ ದನಿ ಕಳೆದುಹೋಗುವುದಿಲ್ಲವೇ? ಅದು ಒಂದು ಬಗೆಯ ಕಳ್ಳತನವೂ ಅಲ್ಲವೇ?

ಉತ್ತರ: ಇಲ್ಲಿ ಎರಡು ಪ್ರಶ್ನೆಗಳಿವೆ, ಬೇರೆಬೇರೆಯಾಗಿಯೇ ನೋಡೋಣ.

ದನಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿ ಕಾಣಬಹುದು: ಆರಂಭದಲ್ಲಿ ಕಳೆದುಕೊಳ್ಳುವಂಥ ದನಿ ನಮ್ಮಲ್ಲಿ ಯಾರಿಗೂ ಇರುವುದಿಲ್ಲ. ಯಾರನ್ನೂ ಅನುಕರಿಸುವುದಿಲ್ಲವೆಂದು ಹಟ ಹಿಡಿದವರು ತಮಗೆ ತಿಳಿಯದಂತೆ ತಾವು ಇತ್ತೀಚೆಗೆ ಓದಿದ ಸಾಧಾರಣ ಬರಹವನ್ನು ಅನುಕರಿಸುತ್ತಿರುತ್ತಾರೆ. ತಿಳಿದು, ಆಯ್ದು, ಒಳ್ಳೆಯವರನ್ನು ಅನುಕರಿಸುವುದು ಅದಕ್ಕಿಂತ ಎಷ್ಟೋ ಮೇಲು. ಸ್ಕಾಟ್ಲೆಂಡಿನ ಲೇಖಕ ಸ್ಟೀವನ್ಸನ್ 1887ರ ತನ್ನ ಪ್ರಬಂಧ ಸಂಗ್ರಹದಲ್ಲಿ, ತಾರುಣ್ಯದಲ್ಲಿ ತಾನು ಹ್ಯಾಜ್ಲಿಟ್, ಲ್ಯಾಂಬ್, ಡೀಫೋ, ಹಾಥಾರ್ನ್, ಮಾಂಟೇನ್ ಮೊದಲಾದವರನ್ನು ಮಂಗನಂತೆ ಶ್ರದ್ಧೆಯಿಂದ ಅನುಕರಿಸಿದೆನೆಂದು ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತಾನೆ. ಆ ಪ್ರಯತ್ನಗಳು ವಿಫಲವಾದವೆಂದೂ, ಆದರೆ ಆ ವೈಫಲ್ಯಗಳಲ್ಲಿಯೇ ಲಯ, ರಚನೆ, ಭಾಗಗಳ ಹೊಂದಾಣಿಕೆ ತನಗೆ ಪಳಗಿದವೆಂದೂ ಅವನು ಹೇಳುತ್ತಾನೆ. ನೀವು ಹೆದರುವ ಅನುಕರಣೆ ಅವನಿಗೆ ಅಭ್ಯಾಸದ ಹಲಗೆಯಾಗಿತ್ತು.

ಬೆಂಜಮಿನ್ ಫ್ರಾಂಕ್ಲಿನ್ ಆತ್ಮಕಥೆಯಲ್ಲಿ ವಿವರಿಸುವ ಕ್ರಮ ಇನ್ನೂ ಉಪಯುಕ್ತವಾದದ್ದು. ಹುಡುಗನಾಗಿದ್ದಾಗ ಅವನಿಗೆ ‘ಸ್ಪೆಕ್ಟೇಟರ್’ ಪತ್ರಿಕೆಯ ಬಿಡಿ ಸಂಪುಟವೊಂದು ಸಿಕ್ಕಿತು. ಅದರ ಲೇಖನಗಳನ್ನು ಓದಿ, ಪ್ರತಿ ವಾಕ್ಯದ ಭಾವವನ್ನು ಚುಟುಕಾಗಿ ಗುರುತು ಹಾಕಿಕೊಂಡು, ಕೆಲವು ದಿನ ಸುಮ್ಮನಿದ್ದು, ಆಮೇಲೆ ಪುಸ್ತಕವನ್ನು ನೋಡದೆ ತನ್ನ ಮಾತುಗಳಲ್ಲಿ ಲೇಖನವನ್ನು ಮರಳಿ ಕಟ್ಟುತ್ತಿದ್ದ. ಕೊನೆಗೆ ಮೂಲದೊಡನೆ ಹೋಲಿಸಿ ತನ್ನ ತಪ್ಪುಗಳನ್ನು ತಿದ್ದುತ್ತಿದ್ದ. ಕೆಲವೊಮ್ಮೆ ಗುರುತುಗಳನ್ನು ಬೇಕೆಂದೇ ಕಲಸಿಬಿಟ್ಟು, ವಾರಗಳ ಅನಂತರ ಅವನ್ನು ಸರಿಯಾದ ಕ್ರಮಕ್ಕೆ ತರಲು ಪ್ರಯತ್ನಿಸುತ್ತಿದ್ದ. ಸಣ್ಣಪುಟ್ಟ ಅಂಶಗಳಲ್ಲಿ ಮೂಲಕ್ಕಿಂತ ತಾನೇ ಚೆನ್ನಾಗಿ ಬರೆದಿರುವೆನೆಂಬ ಭ್ರಮೆಯೂ ಆಗಾಗ ಆಗುತ್ತಿತ್ತೆಂದು ಅವನೇ ಹೇಳಿಕೊಂಡಿದ್ದಾನೆ.

ಅವನು ಮಾಡಿದ್ದು ಪ್ರಬಂಧಗಳ ವಿಷಯದಲ್ಲಿ. ಕಥೆಗೆ ಇದನ್ನು ಹೊಂದಿಸಬೇಕಾದರೆ ವಾಕ್ಯದ ಬದಲು ಸನ್ನಿವೇಶವನ್ನು ಅಳತೆಯಾಗಿ ಇಟ್ಟುಕೊಳ್ಳಿ. ನೀವು ಮೆಚ್ಚಿದ ಒಂದು ಕಥೆಯ ಸನ್ನಿವೇಶಗಳನ್ನು ಒಂದೊಂದು ಚೀಟಿಯಲ್ಲಿ ಒಂದೊಂದು ಸಾಲಿನಂತೆ ಬರೆದು, ಚೀಟಿಗಳನ್ನು ಕಲಸಿ, ಹದಿನೈದು ದಿನ ಬಿಟ್ಟು ನಿಮಗೆ ಸರಿಯೆನಿಸಿದ ಕ್ರಮದಲ್ಲಿ ಜೋಡಿಸಿ. ನಿಮ್ಮ ಕ್ರಮ ಮೂಲದಿಂದ ಎಲ್ಲಿ ಬೇರೆಯಾಯಿತೋ ಅಲ್ಲಿ ನಿಮ್ಮ ಪಾಠವಿದೆ. ಸಾಮಾನ್ಯವಾಗಿ ನಾವು ಹಿನ್ನೆಲೆಯನ್ನು ಮೊದಲಿಗೆ ತರುತ್ತೇವೆ. ಬಲ್ಲವರು ಅದನ್ನು ಓದುಗನಿಗೆ ಕುತೂಹಲ ಹುಟ್ಟುವವರೆಗೂ ಮುಂದೂಡಿರುತ್ತಾರೆ. ಇಂಥ ಅಭ್ಯಾಸದ ಪುಟಗಳನ್ನು ಯಾವ ಪತ್ರಿಕೆಗೂ ಕಳುಹಿಸಬೇಡಿ, ನಮಗಂತೂ ಬೇಡವೇ ಬೇಡ.

ಇನ್ನು ಕಳ್ಳತನ. ಸಂಸ್ಕೃತ ಕವಿ ರಾಜಶೇಖರ ‘ಕಾವ್ಯಮೀಮಾಂಸೆ’ಯಲ್ಲಿ ಕಳ್ಳನಲ್ಲದ ಕವಿಯೂ ಇಲ್ಲ, ಕಳ್ಳನಲ್ಲದ ವ್ಯಾಪಾರಿಯೂ ಇಲ್ಲ, ಬಚ್ಚಿಡಲು ಬಲ್ಲವನು ನಿಂದೆಯಿಲ್ಲದೆ ಬಾಳುತ್ತಾನೆ ಎಂಬ ಅರ್ಥದ ಶ್ಲೋಕವನ್ನು ತುಂಟತನದಿಂದ ಸೇರಿಸಿದ್ದಾನೆ. ಅದನ್ನು ನಿಮ್ಮ ಧ್ಯೇಯವಾಕ್ಯ ಮಾಡಿಕೊಳ್ಳಬೇಡಿ. ಅದಕ್ಕಿಂತ ಇನ್ನೊಬ್ಬ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನನ ವಿಂಗಡಣೆ ಹೆಚ್ಚು ಕೆಲಸಕ್ಕೆ ಬರುತ್ತದೆ. ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ಯೋತದಲ್ಲಿ, ಅಂದರೆ ಅಧ್ಯಾಯದಲ್ಲಿ, ಅವನು ಒಂದು ಕೃತಿ ಇನ್ನೊಂದನ್ನು ಹೋಲುವ ಬಗೆಗಳನ್ನು ಮೂರು ಎನ್ನುತ್ತಾನೆ: ಕನ್ನಡಿಯೊಳಗಿನ ಪ್ರತಿಬಿಂಬದಂತೆ, ಚಿತ್ರದಂತೆ, ಒಬ್ಬರನ್ನೊಬ್ಬರು ಹೋಲುವ ಇಬ್ಬರು ಮನುಷ್ಯರಂತೆ. ಮೊದಲನೆಯದಕ್ಕೆ ಸ್ವಂತ ಜೀವವಿಲ್ಲ, ಎರಡನೆಯದರ ಜೀವ ತೀರ ಕ್ಷೀಣ. ಇವೆರಡನ್ನೂ ಕವಿ ಬಿಡಬೇಕು. ಮೂರನೆಯದನ್ನು ಬಿಡಬೇಕಾಗಿಲ್ಲ, ಏಕೆಂದರೆ ಮೈಕಟ್ಟು ಹೋಲಿದರೂ ಆತ್ಮ ಅದರದೇ. ನಿಮ್ಮ ಕಥೆಯನ್ನು ಈ ಮೂರರಲ್ಲಿ ಯಾವ ಸಾಲಿಗೆ ನಿಲ್ಲಿಸಬೇಕೆಂದು ಕೇಳಿಕೊಂಡರೆ ಪ್ರಾಮಾಣಿಕ ಉತ್ತರ ನಿಮಗೇ ಹೊಳೆಯುತ್ತದೆ. ಗಾಡಿಯವನ ಬದಲು ರಿಕ್ಷಾದವನನ್ನೂ ಕುದುರೆಯ ಬದಲು ನಾಯಿಯನ್ನೂ ಇಟ್ಟರೆ ಅದು ಪ್ರತಿಬಿಂಬ. ಕೇಳುವವರಿಲ್ಲದ ದುಃಖ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ಕ್ರಮವನ್ನು ಕಲಿತು, ಕೇಳುವವರು ಮಿತಿಮೀರಿ ಇರುವ ಮನೆಯೊಂದರ ಸಂತೋಷದ ಕಥೆಗೆ ಅದನ್ನು ತಿರುಗಿಸಿ ಬಳಸಿದರೆ ಅದು ನಿಮ್ಮದು.

ಪ್ರಶ್ನೆ: ಮೂಲ ಭಾಷೆಗಳು ತಿಳಿಯದ ನಾನು ಅನುವಾದಗಳನ್ನೇ ನಂಬಬೇಕು. ಅನುವಾದದಿಂದ ಕಲಿತದ್ದು ನಿಜವಾದ ಕಲಿಕೆಯೇ?

ಉತ್ತರ: ಏನನ್ನು ಕಲಿಯಲು ಹೊರಟಿದ್ದೀರಿ ಎಂಬುದರ ಮೇಲೆ ನಿಂತಿದೆ. ಸನ್ನಿವೇಶಗಳ ಕ್ರಮ, ಕಥೆ ಹೇಳುವವರ ಆಯ್ಕೆ, ಎಲ್ಲಿ ಮಾತು ಎಲ್ಲಿ ಮೌನ ಎಂಬ ತೀರ್ಮಾನ ಇವೆಲ್ಲ ಅನುವಾದವನ್ನು ದಾಟಿ ಬರುತ್ತವೆ. ಫ್ರೆಂಚ್ ಕಾದಂಬರಿಕಾರ ಫ್ಲಾಬೇರ್‌ನ ‘ಮದಾಂ ಬೊವಾರಿ’ಯಲ್ಲಿ ಕೃಷಿ ಮೇಳದ ಪ್ರಸಂಗವಿದೆ. ಕೆಳಗೆ ಅಧಿಕಾರಿಯ ಭಾಷಣ, ಮೇಲಿನ ಕಿಟಕಿಯ ಬಳಿ ರೊಡಾಲ್ಫ್ ಕಥಾನಾಯಕಿ ಎಮ್ಮಾಳಿಗೆ ಆಡುವ ಪ್ರೇಮದ ಮಾತು. ಎರಡನ್ನೂ ಲೇಖಕ ಹೆಣೆಯುತ್ತ, ಹೆಣಿಗೆಯನ್ನು ಬರಬರುತ್ತ ಬಿಗಿಗೊಳಿಸುತ್ತ, ಕೊನೆಗೆ ಒಂದೊಂದೇ ವಾಕ್ಯವಾಗಿ ಅಕ್ಕಪಕ್ಕದಲ್ಲಿಡುತ್ತಾನೆ. ನಿಮ್ಮನ್ನು ಹಿಂಬಾಲಿಸಿ ಬಂದು ಇಲ್ಲೇ ಉಳಿದೆ ಎಂದು ರೊಡಾಲ್ಫ್ ಹೇಳುವಾಗ ಕೆಳಗಿನಿಂದ ಗೊಬ್ಬರದ ಬಹುಮಾನದ ಘೋಷಣೆ ಕೇಳಿಬರುತ್ತದೆ. ಆ ಪ್ರೇಮದ ಬಗ್ಗೆ ಲೇಖಕ ತನ್ನದೆಂದು ಒಂದು ಶಬ್ದವನ್ನೂ ಸೇರಿಸಬೇಕಾಗುವುದಿಲ್ಲ. ಈ ಉಪಾಯವನ್ನು ಯಾವ ಭಾಷೆಯಲ್ಲಿ ಓದಿದರೂ ಕಲಿಯಬಹುದು.

ದಾಟಿ ಬಾರದಿರುವುದು ವಾಕ್ಯ. ಕಾನ್‌ಸ್ಟನ್ಸ್ ಗಾರ್ನೆಟ್ ಅವರ ಇಂಗ್ಲಿಷ್ ಅನುವಾದಗಳು ರಷ್ಯನ್ ಸಾಹಿತ್ಯವನ್ನು ಅಸಂಖ್ಯ ಓದುಗರಿಗೆ ತಲುಪಿಸಿದವು. ಅವುಗಳಲ್ಲಿ ಟಾಲ್‌ಸ್ಟಾಯ್ ಮತ್ತು ದಾಸ್ತೋವ್ಸ್ಕಿ ಇಬ್ಬರ ದನಿಯೂ ಒಂದೇ ಆಗಿಬಿಟ್ಟಿದೆ ಎಂಬ ಆಕ್ಷೇಪವೂ ಹಿಂದಿನಿಂದ ಇದೆ. ಆದ್ದರಿಂದ ರಚನೆಯನ್ನು ಜಗತ್ತಿನ ಯಾರಿಂದಲಾದರೂ ಪಡೆಯಿರಿ, ವಾಕ್ಯವನ್ನು ಮಾತ್ರ ಕನ್ನಡದಲ್ಲೇ ಹುಟ್ಟಿದ ಗದ್ಯದಿಂದ ಕಲಿಯಿರಿ. ಮಾಸ್ತಿ, ಕುವೆಂಪು, ಕಾರಂತರ ಒಂದೊಂದು ಪುಟವನ್ನು ಗಟ್ಟಿಯಾಗಿ ಓದಿ, ಉಸಿರು ಎಲ್ಲಿ ನಿಲ್ಲುತ್ತದೆ, ಕ್ರಿಯಾಪದ ಎಲ್ಲಿ ಬೀಳುತ್ತದೆ ಎಂಬುದನ್ನು ಕಿವಿಯಿಂದ ಹಿಡಿಯಿರಿ. ನಮಗೆ ಬರುವ ಎಷ್ಟೋ ಹಸ್ತಪ್ರತಿಗಳಲ್ಲಿ ಅನುವಾದದ ಕನ್ನಡ ಸ್ವಂತ ಕಥೆಯೊಳಗೆ ನುಗ್ಗಿ, ಪಾತ್ರಗಳು ಮನೆಯೊಳಗೂ ಭಾಷಾಂತರದಲ್ಲೇ ಜಗಳವಾಡುತ್ತಿರುತ್ತವೆ.

ಪ್ರಶ್ನೆ: ಬರೆಯಲು ಆರಂಭಿಸುವ ಮೊದಲು ಕನಿಷ್ಠ ಎಷ್ಟು ಶ್ರೇಷ್ಠ ಕೃತಿಗಳನ್ನು ಓದಿರಬೇಕು?

ಉತ್ತರ: ಒಂದನ್ನೂ ಓದಿರಬೇಕಾಗಿಲ್ಲ. ಇಂದೇ ಬರೆಯಲು ಆರಂಭಿಸಿ. ಎಡವಿದ ಮೇಲೆ ಓದಿ. ಸಂಭಾಷಣೆಯಲ್ಲಿ ಸೋತವರಿಗೆ ಮಾತ್ರ ಇನ್ನೊಬ್ಬರ ಸಂಭಾಷಣೆಯ ಕೌಶಲ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ಹಳೆಯ ಲೇಖಕರು ಬಹಳ ನಿಧಾನ. ಅವರನ್ನು ಮಾದರಿಯಾಗಿ ಇಟ್ಟುಕೊಂಡರೆ ಇಂದಿನ ಓದುಗರು ಮೊದಲ ಪುಟದಲ್ಲೇ ಕೈಬಿಡುವುದಿಲ್ಲವೇ?

ಉತ್ತರ: ಕಾಲದ ರೂಢಿಯನ್ನೂ ಲೇಖಕನ ತೀರ್ಮಾನವನ್ನೂ ಬೇರ್ಪಡಿಸುವುದನ್ನು ಕಲಿತರೆ ಈ ತೊಡಕು ಬಹುಪಾಲು ಬಗೆಹರಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಅನೇಕ ಕಾದಂಬರಿಗಳು ಪತ್ರಿಕೆಗಳಲ್ಲಿ ಕಂತುಕಂತಾಗಿ ಬಂದವು. ತಿಂಗಳ ಅಂತರದಲ್ಲಿ ಓದುವವನಿಗೆ ಪಾತ್ರಗಳನ್ನು ಮತ್ತೆ ಮತ್ತೆ ನೆನಪಿಸುವುದು ಅಗತ್ಯವಾಗಿತ್ತು. ಅದು ರೂಢಿ, ಅದನ್ನು ಬಿಡಿ. ಎಲ್ಲರೂ ನಿಧಾನವಾಗಿದ್ದರೆಂಬುದೂ ನಿಜವಲ್ಲ. ಚೆಕಾವ್ ಆರಂಭದಲ್ಲಿ ಬರೆದ ‘ಓಸ್ಕೊಲ್ಕಿ’ ಎಂಬ ಹಾಸ್ಯ ವಾರಪತ್ರಿಕೆಯಲ್ಲಿ ಒಂದು ಬರಹಕ್ಕೆ ಸುಮಾರು 100 ಸಾಲುಗಳ ಮಿತಿಯಿತ್ತು, ಅವನ ಬಿಗಿತ ಆ ಇಕ್ಕಟ್ಟಿನಲ್ಲಿ ಪಳಗಿದ್ದು.

ಆದರೆ ಕೆಲವು ನಿಧಾನಗಳು ತೀರ್ಮಾನಗಳು. ಮಾಸ್ತಿಯವರ ‘ರಂಗನ ಮದುವೆ’ಯನ್ನು ಮತ್ತೊಮ್ಮೆ ತೆಗೆದು ನೋಡಿ. ಕಥೆ ಹೇಳುವ ಶ್ಯಾಮ ರಂಗನ ಸುದ್ದಿಗೆ ನೇರವಾಗಿ ಬರುವುದಿಲ್ಲ. ತನ್ನ ಊರನ್ನು ಹೊಗಳುತ್ತ, ಅತ್ತಿತ್ತ ಅಲೆಯುತ್ತ, ಹರಟುತ್ತ ಕುಳಿತಂತೆ ಕಾಣುತ್ತಾನೆ. ಅವಸರದ ಓದುಗರು ಆ ಭಾಗವನ್ನು ದಾಟಿಸುತ್ತಾರೆ. ಮುಂದೆ ತಿಳಿಯುವುದೇನೆಂದರೆ, ರಂಗ ಮೆಚ್ಚಿದ ಹುಡುಗಿಗೆ ಮದುವೆಯಾಗಿದೆಯೆಂದು ಅವನಿಗೆ ಸುಳ್ಳು ಹೇಳಿದವನೂ, ಜ್ಯೋತಿಷ ಹೇಳುವ ಶಾಸ್ತ್ರಿಗಳಿಗೆ ಮೊದಲೇ ಪಾಠ ಹೇಳಿಕೊಟ್ಟು ಅವರ ಬಾಯಿಂದ ಭವಿಷ್ಯ ನುಡಿಸಿದವನೂ ಈ ಮುಗ್ಧ ಹರಟೆಗಾರನೇ. ಹರಟೆಯಿಂದ ಅವನು ನಮ್ಮನ್ನು ಒಲಿಸಿಕೊಂಡ ರೀತಿಗೂ ರಂಗನನ್ನು ಮದುವೆಗೆ ಒಪ್ಪಿಸಿದ ರೀತಿಗೂ ವ್ಯತ್ಯಾಸವಿಲ್ಲ. ಆರಂಭದ ಆ ಅಲೆದಾಟವನ್ನು ಕತ್ತರಿಸಿದರೆ ಉಳಿಯುವುದು ಒಂದು ಸಣ್ಣ ಕುತಂತ್ರದ ವರದಿ ಮಾತ್ರ. ನಿಧಾನದ ಪ್ಯಾರಾ ಎದುರಾದಾಗ ಅದನ್ನು ತೆಗೆದರೆ ಮುಂದೆ ಎಲ್ಲಿ ಕುಸಿಯುತ್ತದೆಂದು ನೋಡಿ. ಎಲ್ಲಿಯೂ ಕುಸಿಯದಿದ್ದರೆ ನಿಮ್ಮ ದೂರು ಸರಿ.

ಪ್ರಶ್ನೆ: ಅವರ ಮುಗಿದ ಕೃತಿಗಳನ್ನು ನೋಡಿದಾಗ ನನ್ನ ಬರಹ ಹರಿದು ಹಾಕುವಂತೆ ಕಾಣುತ್ತದೆ. ತಂದೆ ತೀರಿಕೊಂಡ ಮೇಲೆ ಇಬ್ಬರು ಅಣ್ಣತಮ್ಮಂದಿರು ಹಳೆಯ ಮನೆಯನ್ನು ಖಾಲಿ ಮಾಡುವ ಕಥೆಯೊಂದನ್ನು ಎರಡು ರೀತಿಯಲ್ಲಿ ಬರೆದು ಇದರೊಡನೆ ಇಟ್ಟಿದ್ದೇನೆ: ಒಂದರಲ್ಲಿ ತಮ್ಮನೇ ‘ನಾನು’ ಎಂದು ಹೇಳುತ್ತಾನೆ, ಇನ್ನೊಂದು ‘ಅವನು’ ಎನ್ನುವ ಪ್ರಥಮ ಪುರುಷದಲ್ಲಿದೆ. ಯಾವುದು ಸರಿ?

ಉತ್ತರ: ನೀವು ಹೋಲಿಸುತ್ತಿರುವುದು ನಿಮ್ಮ ಕರಡನ್ನು ಅವರ ಅಚ್ಚಾದ ಪ್ರತಿಯೊಡನೆ, ಅದು ನ್ಯಾಯವಲ್ಲ. ದಾಸ್ತೋವ್ಸ್ಕಿ ‘ಅಪರಾಧ ಮತ್ತು ಶಿಕ್ಷೆ’ಯನ್ನು ಮೊದಲು ಅಪರಾಧಿಯ ತಪ್ಪೊಪ್ಪಿಗೆಯಾಗಿ, ‘ನಾನು’ ಎಂಬ ದನಿಯಲ್ಲಿ ಬರೆಯತೊಡಗಿದ್ದ. 1865ರ ನವೆಂಬರಿನಲ್ಲಿ, ಬಹಳಷ್ಟು ಬರೆದಾಗಿದ್ದರೂ, ಅದನ್ನು ಸುಟ್ಟು ಹಾಕಿ ಹೊಸದಾಗಿ ಆರಂಭಿಸಿದ. ಈಗ ನಾವು ಓದುವುದು ಪ್ರಥಮ ಪುರುಷದಲ್ಲಿರುವ ಆ ಎರಡನೆಯದನ್ನು. ಫ್ಲಾಬೇರ್ ‘ಮದಾಂ ಬೊವಾರಿ’ಗೆ ತೆಗೆದುಕೊಂಡದ್ದು 1851ರಿಂದ 1856ರವರೆಗೆ, ಹೆಚ್ಚುಕಡಿಮೆ ಐದು ವರ್ಷ, ಆ ಕಾಲದ ಅವನ ಪತ್ರಗಳು ನಿಮ್ಮ ಪತ್ರಕ್ಕಿಂತ ಹೆಚ್ಚು ಹತಾಶವಾಗಿವೆ. ಹೆಮಿಂಗ್ವೇ ತನ್ನ ಕಾದಂಬರಿಯೊಂದರ ಕೊನೆಯ ಪುಟವನ್ನು 39 ಬಾರಿ ಬರೆದೆನೆಂದು 1958ರ ಸಂದರ್ಶನದಲ್ಲಿ ಹೇಳಿದ್ದಾನೆ. ಕರಡುಗಳು, ಪತ್ರಗಳು ಪ್ರಕಟವಾಗಿರುವ ಲೇಖಕರನ್ನು ಹುಡುಕಿ ಓದಿ. ಅಚ್ಚಾದ ಪ್ರತಿ ಮುಚ್ಚಿಟ್ಟದ್ದನ್ನು ಅವು ತೋರಿಸುತ್ತವೆ.

ನಿಮ್ಮ ಎರಡು ಪ್ರತಿಗಳನ್ನೂ ಓದಿದೆ. ‘ನಾನು’ ಎನ್ನುವ ತಮ್ಮ ತನ್ನ ಅಸೂಯೆಯನ್ನು ಎರಡನೆಯ ಪುಟದಲ್ಲೇ ತಾನಾಗಿ ಒಪ್ಪಿಕೊಂಡುಬಿಡುತ್ತಾನೆ, ಆದ್ದರಿಂದ ಮುಂದೆ ಓದುಗರಿಗೆ ಕಂಡುಹಿಡಿಯಲು ಏನೂ ಉಳಿಯುವುದಿಲ್ಲ. ಪ್ರಥಮ ಪುರುಷದ ಪ್ರತಿಯಲ್ಲಿ ಅದೇ ಅಸೂಯೆ ಅವನು ಪಾತ್ರೆಗಳನ್ನು ಎಣಿಸುವ ರೀತಿಯಲ್ಲಿ ಕಾಣುತ್ತದೆ. ಆ ಪುಟ ನಿಜವಾಗಿಯೂ ಚೆನ್ನಾಗಿದೆ. ಆ ಪ್ರತಿಯನ್ನೇ ಉಳಿಸಿಕೊಳ್ಳಿ. ಅಣ್ಣನ ಮದುವೆಯ ಹಿನ್ನೆಲೆಯನ್ನು ಹೇಳುವ ಮೂರನೆಯ ಪ್ಯಾರಾವನ್ನು ಪಾತ್ರೆಗಳ ಪ್ರಸಂಗದ ಆಚೆಗೆ ಸರಿಸಿ. ಕೊನೆಯಲ್ಲಿ ತಮ್ಮ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಅಣ್ಣನಿಗೆ ಕೊಡದೆ ತನ್ನ ಜೇಬಿಗೆ ಸೇರಿಸುತ್ತಾನಲ್ಲ, ಅದರ ಅನಂತರ ಬರುವ ಆರು ಸಾಲುಗಳನ್ನು ತೆಗೆದು, ಮೂರನೆಯ ಪ್ರತಿಯನ್ನು ಕಳುಹಿಸಿಕೊಡಿ.